ಹಳೇ ಎಂಜಿಬಿ ಕಾರು ನಿಂತಲ್ಲೇ ನಡುಗಿದರೆ ತಪ್ಪು ಕಾರ್ಬುರೇಟರಿನದ್ದೇ?

"ಹಳೇ ಕಾರು ನಿಂತಲ್ಲೇ ಗಡಗಡ ನಡುಗುತ್ತಿದೆಯಾ? ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಒಂದೇ ನಿಮಿಷದಲ್ಲಿ ಸರಿ!" ಎನ್ನುವ ಧಾಟಿಯ ವಿಡಿಯೊಗಳು ನಿಮ್ಮ ಗುಂಪಿಗೂ ಬಂದಿರಬಹುದು. ಸ್ಕ್ರೂ ತಿರುಗಿಸಿದ ಕೂಡಲೇ ನಡುಕ ಕಡಿಮೆಯಾಗುವುದೂ ನಿಜವೇ. ಹಾಗಿದ್ದ ಮೇಲೆ ಇದರಲ್ಲಿ ಸುಳ್ಳೇನು ಬಂತು?

ಒಂದು ನಿರ್ದಿಷ್ಟ ಕಾರನ್ನೇ ಇಟ್ಟುಕೊಂಡು ನೋಡೋಣ. ಎಂಜಿಬಿ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಿಸಿದರು. ಅದರದ್ದು 1798 ಸಿಸಿ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನಲ್ಲಿ ಬಹುಕಾಲ ಇದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಮನೆತನದ್ದು. ಆರಂಭದ ಎಂಜಿಬಿಗಳಿಗೆ ಎಸ್‌ಯು ಎಚ್‌ಎಸ್4 ಮಾದರಿಯ ಎರಡು ಕಾರ್ಬುರೇಟರ್‌ಗಳಿದ್ದವು. ಎಸ್‌ಯು ಅಂದರೆ ಸ್ಕಿನ್ನರ್ ಯೂನಿಯನ್. ಅದನ್ನು ರೂಪಿಸಿದ ಸ್ಕಿನ್ನರ್ ಕುಟುಂಬದವರು ಮೂಲತಃ ಚಪ್ಪಲಿ-ಬೂಟಿನ ವ್ಯಾಪಾರಿಗಳು, ಮೊದಮೊದಲ ಕಾರ್ಬುರೇಟರಿನಲ್ಲಿ ಚರ್ಮದ ತಿದಿ ಇತ್ತು!

ಈಗ ಸ್ಕ್ರೂ ವಿಷಯಕ್ಕೆ ಬರೋಣ. ಎಚ್‌ಎಸ್4ನಲ್ಲಿ ಕಣ್ಣಿಗೆ ಬೀಳುವ ಸ್ಕ್ರೂ ಥ್ರಾಟಲ್ಲನ್ನು ಚೂರು ತೆರೆದಿಡುತ್ತದೆ, ಅಷ್ಟೇ. ಎಂಜಿನ್ ಜೋರಾಗಿ ತಿರುಗಿದಾಗ ನಡುಕ ಮರೆಯಾಗುತ್ತದೆ, ಕಾಯಿಲೆ ಅಲ್ಲೇ ಉಳಿಯುತ್ತದೆ. ಗಾಳಿ-ಪೆಟ್ರೋಲಿನ ಹದ ಬದಲಾಗಬೇಕಾದರೆ ಜೆಟ್‌ನ ಕೆಳಗಿರುವ ಆರು ಮೂಲೆಯ ನಟ್ಟನ್ನು ತಿರುಗಿಸಬೇಕು. ಆದರೆ ಅದಕ್ಕೂ ಕೈಹಾಕುವ ಹೊತ್ತು ಇನ್ನೂ ಬಂದಿಲ್ಲ.

ಮೊದಲು ನೋಡಬೇಕಾದ್ದು ಕಿಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ ನಡುವಿನ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಅದು ಸವೆದು ಹೆಚ್ಚುಕಡಿಮೆಯಾದರೆ, ಕಂಡೆನ್ಸರ್ ಕೆಟ್ಟರೆ ಅಥವಾ ಪ್ಲಗ್ ವೈರ್ ಬಿರುಕುಬಿಟ್ಟರೆ ಎಂಜಿನ್ ಮಿಸ್ ಹೊಡೆಯುತ್ತದೆ. ಅದರ ಲಕ್ಷಣ ಥೇಟ್ ಕಾರ್ಬುರೇಟರ್ ಕೆಟ್ಟಂತೆಯೇ ಇರುತ್ತದೆ. ವಾಲ್ವ್ ಕ್ಲಿಯರೆನ್ಸ್ ಮತ್ತು ಟೈಮಿಂಗ್ ನೋಡುವುದೂ ಈ ಹಂತದಲ್ಲೇ.

ತಪ್ಪು ಯಾರದ್ದು ಎಂದು ಹೇಳುವ ಒಂದು ಸುಲಭ ಸುಳಿವಿದೆ, ಇದು ನಮಗೆ ತುಂಬಾ ಇಷ್ಟವಾಯಿತು. ಈ ಎಂಜಿನ್ನಿನಲ್ಲಿ ಮುಂದಿನ ಕಾರ್ಬುರೇಟರ್ 1 ಮತ್ತು 2ನೇ ಸಿಲಿಂಡರಿಗೆ, ಹಿಂದಿನದು 3 ಮತ್ತು 4ಕ್ಕೆ ಉಣಿಸುತ್ತದೆ. ಹಾಗಾಗಿ ಕಾರನ್ನು ಚೆನ್ನಾಗಿ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿಡಿ. ತಿಳಿಕಂದು ಬಣ್ಣವಿದ್ದರೆ ಹದ ಸರಿ, ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಜೋಡಿ ಪ್ಲಗ್‌ಗಳು ಒಟ್ಟಿಗೆ ಕಪ್ಪಾಗಿದ್ದರೆ ಆ ಕಡೆಯ ಕಾರ್ಬುರೇಟರ್ ಮೇಲೆ ಅನುಮಾನಪಡಿ. ಒಂದೇ ಒಂದು ಬೇರೆಯಾಗಿದ್ದರೆ ಕಾರ್ಬುರೇಟರನ್ನು ಬಿಟ್ಟುಬಿಡಿ, ಆ ಸಿಲಿಂಡರಿನ ಪ್ಲಗ್, ವೈರ್, ವಾಲ್ವ್ ನೋಡಿ.

ಅನುಮಾನ ಕಾರ್ಬುರೇಟರ್ ಮೇಲೆಯೇ ಬಂದರೆ? ಎಸ್‌ಯು ಒಳಗೆ ಗಾಳಿಯ ಸೆಳೆತಕ್ಕೆ ಮೇಲೇಳುವ ಪಿಸ್ಟನ್ ಇದೆ, ಅದರ ತುದಿಯಲ್ಲಿ ಚೂಪಾದ ಸೂಜಿ. ಪಿಸ್ಟನ್ ಏರಿದಷ್ಟೂ ಸೂಜಿ ಜೆಟ್‌ನಿಂದ ಹೊರಬಂದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಬಿಸಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ನನ್ನು ಸುಮಾರು 0.8 ಮಿ.ಮೀ. ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ತಕ್ಷಣ ಕುಸಿದರೆ ಕಡಿಮೆ, ಕ್ಷಣಮಾತ್ರ ಏರಿ ಇಳಿದರೆ ಸರಿ. ನಟ್ಟನ್ನು ಒಂದು ಸಲಕ್ಕೆ ಒಂದು ಮೂಲೆಯಷ್ಟೇ ತಿರುಗಿಸಿ. ಕೆಳಗಿಳಿಸಿದರೆ ಪೆಟ್ರೋಲ್ ಹೆಚ್ಚುತ್ತದೆ. ಎಷ್ಟು ತಿರುಗಿಸಿದರೂ ಹದ ಸಿಗದಿದ್ದರೆ ಥ್ರಾಟಲ್ ಶಾಫ್ಟ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿರಬಹುದು. ಆಗ ಬುಷ್ ಬದಲಿಸಲೇಬೇಕು. "ಮೇಲಿನ ಮುಚ್ಚಳ ಬಿಚ್ಚಿ ಎಣ್ಣೆ ಹಾಕಿದರೆ ಸಾಕು" ಎನ್ನುವ ಸಲಹೆಯೂ ಇದೆಯಲ್ಲ, ಆ ಎಣ್ಣೆ ಕೆಲಸಕ್ಕೆ ಬರುವುದು ಆಕ್ಸಿಲರೇಟರ್ ಫಕ್ಕನೆ ಒತ್ತಿದಾಗ. ನಿಂತಲ್ಲಿನ ನಡುಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ವಿಡಿಯೊಗಳನ್ನು ಫಾರ್ವರ್ಡ್ ಮಾಡಬೇಡಿ ಎಂದು ನಾವು ಹೇಳುವುದಕ್ಕೆ ಎರಡು ಗಂಭೀರ ಕಾರಣಗಳಿವೆ. ಗಾಳಿ ಸೋರಿಕೆ ಹುಡುಕಲು ಓಡುತ್ತಿರುವ ಎಂಜಿನ್ನಿಗೆ ಕ್ಲೀನರ್ ಸ್ಪ್ರೇ ಹೊಡೆಯಿರಿ ಎನ್ನುತ್ತಾರೆ. ಎಂಜಿಬಿಯಲ್ಲಿ ಕಾರ್ಬುರೇಟರ್ ಮತ್ತು ಕೆಂಡದಂತೆ ಕಾಯುವ ಎಕ್ಸಾಸ್ಟ್ ಒಂದೇ ಬದಿಯಲ್ಲಿವೆ. ಸ್ಪ್ರೇ ಆಗಲಿ, ಫ್ಲೋಟ್ ಸಿಕ್ಕಿಕೊಂಡು ಉಕ್ಕಿದ ಪೆಟ್ರೋಲ್ ಆಗಲಿ, ಅದರ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಟ್ಯೂನಿಂಗ್ ಮಾತೇ ಬೇಡ, ಎಂಜಿನ್ ಆಫ್ ಮಾಡಿ.

ಎರಡನೆಯದು ಶೆಡ್ಡಿನ ಬಾಗಿಲು. ಹದ ತಪ್ಪಿ ಪೆಟ್ರೋಲ್ ಹೆಚ್ಚಾದಷ್ಟೂ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಎಸ್‌ಯು ಇರುವ ಈ ಕಾರುಗಳಲ್ಲಿ ಅದನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹಾಗಾಗಿ "ವಾಸನೆ ಬಂದರೆ ಹೊರಗೆ ಹೋಗ್ತೀನಿ" ಎನ್ನುವ ಧೈರ್ಯ ನಡೆಯುವುದಿಲ್ಲ. ಬಾಗಿಲು ಅರ್ಧ ತೆರೆದಿಟ್ಟರೂ ಸಾಲದು. ಕಾರನ್ನು ಬಯಲಿಗೆ ತಂದೇ ಈ ಕೆಲಸ ಮಾಡಿ. ಒಳಗಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದರೆ ಸ್ಪ್ಯಾನರ್ ಅಲ್ಲೇ ಬಿಟ್ಟು ಮೊದಲು ಹೊರಗೆ ಬರಬೇಕು, ಕೂಡಲೇ ವೈದ್ಯರ ನೆರವು ಪಡೆಯಬೇಕು.