ಬೆಟ್ಟದೊಡಲಿನ ನೀಲಪ್ರಭೆ

ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟು ಸಾಗುವ ಶಬ್ದವು ನೀರಿಗಿಳಿದೊಡನೆ ಸುಮಾರು 1,500 ಮೀಟರಿನ ವೇಗವನ್ನು ತಳೆದರೆ, ನಿರ್ವಾತದಲ್ಲಿ 3 ಲಕ್ಷ ಕಿಲೋಮೀಟರು ಧಾವಿಸುವ ಬೆಳಕು ಅದೇ ನೀರಿನಲ್ಲಿ ಎರಡೂಕಾಲು ಲಕ್ಷಕ್ಕೆ ಕುಗ್ಗುವುದು. ಈ ಮಂದಗತಿಯೇ ಜಪಾನಿನ ವಿಜ್ಞಾನಿಗಳಿಗೆ ಉಪಕಾರವಾಯಿತು, ನೋಡಿ! ಗಿಫು ಪ್ರಾಂತದ ಕಾಮಿಯೋಕದಲ್ಲಿ, ಬೆಟ್ಟದ ಶಿಖರದಿಂದ 1,000 ಮೀಟರು ಕೆಳಗೆ, 1996ರಿಂದ ಕಾರ್ಯನಿರತವಾದ ‘ಸೂಪರ್ ಕಾಮಿಯೋಕಾಂಡೆ’ ಎಂಬ ವೀಕ್ಷಣಾಲಯದ ತೊಟ್ಟಿಯಲ್ಲಿ 50,000 ಟನ್ ಸ್ಫಟಿಕನಿರ್ಮಲ ಜಲವುಂಟು, ಅಪರೂಪಕ್ಕೊಮ್ಮೆ ನ್ಯೂಟ್ರಿನೊ ಎಂಬ ಸೂಕ್ಷ್ಮಕಣವು ಬಡಿದಾಗ ಅಲ್ಲಿ ಚಿಮ್ಮುವ ವಿದ್ಯುತ್ಕಣವು, ನೀರಿನೊಳಗಿನ ಬೆಳಕನ್ನೂ ಹಿಂದಿಕ್ಕಿ (ಬೆಳಕನ್ನು ಮೀರಲಾಗದೆಂಬ ನಿಯಮವು ನಿರ್ವಾತದ ವೇಗಕ್ಕೆ ಸಂಬಂಧಿಸಿದ್ದು), ಶಬ್ದವನ್ನು ಮೀರಿದ ವಿಮಾನವು ಗುಡುಗನ್ನು ಬಿಟ್ಟುಹೋಗುವಂತೆ, ಶಂಕುವಿನಾಕಾರದ ನೀಲಪ್ರಭೆಯನ್ನು ಚೆಲ್ಲುವುದು. ಗೋಡೆಗಳ ತುಂಬ ಜೋಡಿಸಿದ 11,000ಕ್ಕೂ ಮಿಕ್ಕ, ಅರ್ಧ ಮೀಟರು ವ್ಯಾಸದ ಗಾಜಿನ ಬುರುಡೆಗಳು ಆ ಮಿಣುಕನ್ನು ಉಂಗುರವಾಗಿ ಗ್ರಹಿಸುವುವು. ಇಂಥ ಉಂಗುರಗಳ ಪರಿಶೀಲನೆಯಿಂದಲೇ ನ್ಯೂಟ್ರಿನೊಗಳಿಗೂ ದ್ರವ್ಯರಾಶಿಯುಂಟೆಂಬುದು 1998ರಲ್ಲಿ ಪ್ರಕಟವಾಯಿತು. ಈ ಶೋಧಕ್ಕಾಗಿಯೇ ಅಲ್ಲಿನ ವಿಜ್ಞಾನಿ ತಕಾಕಿ ಕಜಿತ ಅವರು 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.