ಪರೀಕ್ಷೆಯ ಹಿಂದಿನ ದಿನ

ಪರೀಕ್ಷೆಯು ಸಮೀಪಿಸಿತೆಂದರೆ ಮನೆಯವರೆಲ್ಲರೂ ಉಪಾಧ್ಯಾಯರೇ. ಬೆಳಗಿನ ಜಾವ ಓದೆಂದು ತಂದೆ, ಗಣಿತವನ್ನೇ ಹಿಡಿಯೆಂದು ಅಣ್ಣ, ಕಣ್ಣು ಕೆಡುವುದೆಂದು ಅಜ್ಜಿ! ಎಲ್ಲರಿಗೂ ಹೂಂಗುಟ್ಟಿದ ಹುಡುಗಿಯು ಒಂದು ಪುಟವನ್ನೂ ನೆಟ್ಟಗೆ ಓದಲಾರಳು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಿಲಿಯಂ ಜೇಮ್ಸರು, 1899ರಲ್ಲಿ ಅಚ್ಚಾದ ಉಪನ್ಯಾಸವೊಂದರಲ್ಲಿ, ಆನಿ ಪೇಸನ್ ಕಾಲ್ ಎಂಬ ಮಹಿಳೆಯಿಂದ ತಾವು ಕೇಳಿದ ಉಪಾಯವನ್ನು ತಿಳಿಸಿರುವರು. ಹಿಂದಿನ ದಿನವೇ ಪುಸ್ತಕವನ್ನು ಎಸೆದು, ಫಲದ ಚಿಂತೆಯನ್ನು ಮನಃಪೂರ್ವಕವಾಗಿ ತೊರೆದು, ಆಟವಾಡಬೇಕು, ಇಲ್ಲವೆ ನಿದ್ರಿಸಬೇಕು. ಗೆಲ್ಲುವೆನೋ ಸೋಲುವೆನೋ ಎಂಬ ಕಳವಳವೇ ವಿಚಾರಗಳ ಸರಾಗವಾದ ಹರಿವನ್ನು ತಡೆಯುವುದೆಂದು ಅವರ ಮತ. ವರ್ಷವೆಲ್ಲ ಓದಿದವಳಿಗೆ ಮಾತ್ರ ಇದು ಸಲ್ಲುವುದು, ಸೋಮಾರಿತನಕ್ಕೆ ಅಪ್ಪಣೆಯಲ್ಲ.

ಇದೂ ಮತ್ತೊಂದು ಸಲಹೆಯೇ ಅಲ್ಲವೆ ಎಂದು ಕೇಳುವಿರೇನೋ. ಅಹುದು, ಆದರೆ ಮಿಕ್ಕವನ್ನೆಲ್ಲ ಕೆಳಗಿಡಿಸುವ ಸಲಹೆ. ತಾಯಂದಿರೇ, ಆ ರಾತ್ರಿ ಮಗಳ ಕೋಣೆಯ ದೀಪವನ್ನು ನೀವೇ ಆರಿಸಿರಿ.