ಎದೆನೋವಿಗೆ ಸೋಡಾ ಮದ್ದಲ್ಲ
ರಕ್ತ ತೆಳುವಾಗಿಸುವ ಔಷಧಿ: ತಿಳಿದಿರಬೇಕಾದದ್ದು

ಐರೋಲಿ: ಎದೆ ಹಿಂಡಿದಂತಾಗಿ ಬೆವರಿದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗುವವರು ಪರಿಸರದ ತುಳು-ಕನ್ನಡಿಗರಲ್ಲಿ ಇಂದಿಗೂ ಇದ್ದಾರೆ. ಹೋಟೆಲಿನಲ್ಲಿ ದುಡಿಯುವವರಿರಲಿ, ರಾತ್ರಿ ಪಾಳಿಯ ಕಂಪೆನಿ ನೌಕರರಿರಲಿ, ಈ ತಡವೇ ಪ್ರಾಣಕ್ಕೆ ಎರವಾಗುತ್ತದೆ.

ಹೃದಯದ ರಕ್ತನಾಳದಲ್ಲಿ ಕೊಬ್ಬಿನ ಪದರ ಬಿರಿದಾಗ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದರಿಂದ ಹೃದಯಾಘಾತವಾಗುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳೂ ಹೆಪಾರಿನ್ ಚುಚ್ಚುಮದ್ದೂ ಹೆಪ್ಪು ಬೆಳೆಯದಂತೆ ತಡೆಯುತ್ತವೆ. ಕಟ್ಟಿದ ಹೆಪ್ಪನ್ನು ಕರಗಿಸಲು ಸ್ಟ್ರೆಪ್ಟೊಕಿನೇಸ್ ಅಥವಾ ಟೆನೆಕ್ಟೆಪ್ಲೇಸ್ ಬೇಕು. ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಬೇಕು. ಮೊದಲ ಗಂಟೆಯಲ್ಲಿ ಸಿಕ್ಕ ಚಿಕಿತ್ಸೆಗೆ ಫಲ ಹೆಚ್ಚು.

1988ರಲ್ಲಿ ಪ್ರಕಟವಾದ, 17,187 ರೋಗಿಗಳ ಐಸಿಸ್-2 ಅಧ್ಯಯನದಲ್ಲಿ ಆಸ್ಪಿರಿನ್ ಒಂದೇ ಐದು ವಾರಗಳೊಳಗಿನ ಹೃದಯ-ರಕ್ತನಾಳ ಸಂಬಂಧಿ ಸಾವನ್ನು ಶೇ. 23ರಷ್ಟು ತಗ್ಗಿಸಿತು. ಸ್ಟ್ರೆಪ್ಟೊಕಿನೇಸ್ ಜೊತೆಗೂಡಿದಾಗ ಇದು ಶೇ. 42ಕ್ಕೇರಿತು.

ಊರಿಗೆ ಹೋಗುವವರೂ ಒಂದು ವಿಷಯ ತಿಳಿದಿರಬೇಕು. ನಟ ಪುನೀತ್ ರಾಜಕುಮಾರ್ ಹೆಸರಿನಲ್ಲಿ ಕರ್ನಾಟಕ ಸರಕಾರ 2023ರಲ್ಲಿ ಘೋಷಿಸಿದ ಹೃದಯಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೂ ಟೆನೆಕ್ಟೆಪ್ಲೇಸ್ ಉಚಿತವಾಗಿ ನೀಡುವ ವ್ಯವಸ್ಥೆ ಮಾಡಲಾಗಿದೆ.

ಎದೆನೋವು ಕಾಣಿಸಿದೊಡನೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಅಲರ್ಜಿ, ಹೊಟ್ಟೆಹುಣ್ಣು, ರಕ್ತಸ್ರಾವದ ತೊಂದರೆ ಇಲ್ಲದವರು ವೈದ್ಯರು ಹೇಳಿದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಬಹುದು. ಸ್ಟೆಂಟ್ ಹಾಕಿಸಿಕೊಂಡವರು ನೇಮ, ಮದುವೆಯ ಗಡಿಬಿಡಿಯಲ್ಲಿ ಮಾತ್ರೆ ಮರೆಯಬಾರದು. ಹಲ್ಲು ಕೀಳಿಸುವ ಮುನ್ನವೂ ಹೃದಯ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಸ್ಟೆಂಟಿನೊಳಗೆ ಮತ್ತೆ ಹೆಪ್ಪುಗಟ್ಟುವ ಅಪಾಯವಿದೆ. ಮಲ ಕಪ್ಪಾದರೆ, ಗಾಯದ ರಕ್ತ ನಿಲ್ಲದಿದ್ದರೆ ಕೂಡಲೇ ವೈದ್ಯರನ್ನು ಕಾಣುವುದು ಕ್ಷೇಮ.